ಹೆಣ್ಣಿನ ಕಡೆಯ ಬಸ್ಸು

ಅವನಿಗೆ ರೇಡಿಯೋ ಎಂದು ಹೆಸರಿಟ್ಟವರು ಜೊತೆಗೆ ಕೋಣೆ ಮಾಡಿಕೊಂಡಿದ್ದ ಗೆಳೆಯರು. ಎಲ್ಲಿ ಮುಟ್ಟಿದರೂ ಶುರುವಾಗುತ್ತಿತ್ತು. ನಿಲ್ಲಿಸುವ ಗುಂಡಿಯನ್ನು ಮಾತ್ರ ಮಾಡಿದವನು ಇಡುವುದನ್ನೇ ಮರೆತಿದ್ದ. ಇದರಲ್ಲಿ ಅವನ ತಪ್ಪೆಷ್ಟು, ಕಸುಬಿನ ತಪ್ಪೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅವನು ಕೆಲಸಕ್ಕಿದ್ದದ್ದು ಶೂ ಅಂಗಡಿಯಲ್ಲಿ. ಗಿರಾಕಿಯ ಒಂದು ಕಾಲಿಗೆ ಶೂ ತೊಡಿಸಿ, ಅದರ ಜೋಡಿ ಒಳಗಿನ ಡಬ್ಬಿಗಳ ರಾಶಿಯಿಂದ ಹೊರಬರುವ ತನಕ ಗಿರಾಕಿ ಎದ್ದು ಹೋಗದಂತೆ ಮಾತಿನಲ್ಲಿ ಕಟ್ಟಿಹಾಕಬೇಕು. ಜೋಡಿ ಬೇಗ ಸಿಗುವುದಿಲ್ಲ. ಕೆಲವು ಸಲ ಸಿಗುವುದೇ ಇಲ್ಲ. ಒಂದು ಕಾಲಿಗೆ ಹೊಸ ಶೂ, ಇನ್ನೊಂದು ಕಾಲಿಗೆ ತೂತು ಬಿದ್ದ ಕಾಲುಚೀಲ ಹಾಕಿಕೊಂಡು ಕೂತ ಮನುಷ್ಯನನ್ನು ನಗುನಗುತ್ತಾ ಇರಿಸುವುದು ಹುಡುಗಾಟವಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ, ಯಾರಾದರೂ ಎದುರಿಗೆ ಕೂತರೆ ಸಾಕು, ಇವರು ಎಲ್ಲಿ ಎದ್ದುಬಿಡುತ್ತಾರೋ ಎಂಬ ಭಯ ಅವನ ನಾಲಿಗೆಗೆ ಹತ್ತಿಬಿಡುತ್ತಿತ್ತು.

ಕೋಣೆಯ ಗೆಳೆಯರಲ್ಲಿ ಮೊದಲು ಮದುವೆಯಾದವನು ರೇಡಿಯೋ. ಅವನ ಮದುವೆಗೆ ಮೂವರೂ ಹಿಂದಿನ ದಿನವೇ ಬಂದು, ಕುರ್ಚಿ ಹಾಕಿ, ಎಲ್ಲರಿಗೂ ಬಡಿಸಿ, ಕೊನೆಗೆ ತಣ್ಣಗಾದದ್ದನ್ನು ತಿಂದು ಹೋಗಿದ್ದರು. ಆ ಋಣ ತೀರಿಸುವ ಮನಸ್ಸು ರೇಡಿಯೋಗೆ ಬಹಳ ಇತ್ತು. ಯೋಗ ಕೂಡಿಬರಲಿಲ್ಲ.

ಮೊದಲನೆಯವನ ಮದುವೆಗೆ ಹೊರಟಾಗ ಮಗಳು ಕೈಗೂಸು. ಬಸ್ ನಿಲ್ದಾಣ ಮುಟ್ಟಿದ ಮೇಲೆ ಹಾಲಿನ ಬಾಟಲಿಯ ಮುಚ್ಚಳ ಮನೆಯಲ್ಲೇ ಉಳಿದದ್ದು ನೆನಪಾಯಿತು. ವಾಪಸು ಓಡಿ ಮುಚ್ಚಳ ತಂದ. ತಂದ ಮೇಲೆ ನೋಡಿದರೆ, ಹುಡುಕುವ ಗಡಿಬಿಡಿಯಲ್ಲಿ ಬಾಟಲಿಯನ್ನು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟು ಬಂದಿದ್ದ. ಗಂಡ, ಹೆಂಡತಿ, ಮಗು ಮದುವೆ ಹಾಲ್ ತಲುಪಿದಾಗ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮದುಮಕ್ಕಳಿಗೆಂದು ತಂದ ಉಡುಗೊರೆಯನ್ನು ಕುರ್ಚಿ ಪೇರಿಸುವವನ ಕೈಗೆ ಕೊಟ್ಟು, "ಸುಖವಾಗಿರಪ್ಪ" ಎಂದು ಹರಸಿ ಬಂದ.

ಎರಡನೆಯವನ ಮದುವೆಗೆ ಸರಿಯಾದ ಹೊತ್ತಿಗೆ ಹೋದ. ತಾರೀಖು ಸರಿ, ಹಾಲ್ ಸರಿ, ತಿಂಗಳು ತಪ್ಪು. ಆ ದಿನ ಅಲ್ಲಿ ಬೇರೆ ಯಾರದೋ ಮದುವೆ. ಊಟದ ಸಾಲಿನಲ್ಲಿ ಕೂತು ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು, ಅಕ್ಕಪಕ್ಕದವರಿಗೆ ಮದುಮಗನ ಗುಣಗಾನ ಮಾಡಿ, ವೇದಿಕೆ ಹತ್ತಿದ. ಹೆಂಡತಿ ಮೆಲ್ಲಗೆ ಕೇಳಿದಳು: "ರೀ, ಇವರು ನಿಮ್ಮ ಸ್ನೇಹಿತರಾ?"

"ಮದುವೆ ದಿನ ಎಲ್ಲರೂ ಹೀಗೇ ಕಾಣೋದು, ಸುಮ್ನಿರು" ಎಂದು ರೇಡಿಯೋ ಫೋಟೋಗೆ ನಿಂತ. ಯಾರದೋ ಮನೆಯ ಆಲ್ಬಮ್ಮಿನಲ್ಲಿ ಆ ಮೂವರು ಇವತ್ತಿಗೂ ನಗುತ್ತಾ ನಿಂತಿದ್ದಾರೆ. ಮುಂದಿನ ತಿಂಗಳು ನಿಜವಾದ ಮದುವೆ ನಡೆದಾಗ, ಆ ಮದುವೆ ಮುಗಿದುಹೋಯಿತಲ್ಲ ಎಂದುಕೊಂಡು ರೇಡಿಯೋ ಆರಾಮವಾಗಿ ಅಂಗಡಿಯಲ್ಲಿ ಶೂ ಮಾರುತ್ತಿದ್ದ.

ಉಳಿದವನು ಒಬ್ಬನೇ, ಗುಮ್ಮ. ತನ್ನಷ್ಟಕ್ಕೆ ತಾನಿರುವ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ, ಕೆಲವೊಮ್ಮೆ ಅದನ್ನೂ ಕೊಡದ ಗುಮ್ಮನಗುಸುಕ. ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಮೂವರಲ್ಲಿ ರೇಡಿಯೋಗೆ ಜೀವಕ್ಕೆ ಜೀವವಾದ ಗೆಳೆಯನೆಂದರೆ ಅವನೇ. ಒಬ್ಬ ನಿಲ್ಲಿಸುವುದಿಲ್ಲ, ಒಬ್ಬ ಶುರು ಮಾಡುವುದಿಲ್ಲ. ಇಂಥ ಇಬ್ಬರಿಗೆ ಜಗಳ ಬರುವುದಾದರೂ ಹೇಗೆ?

ಗುಮ್ಮನೇ ಫೋನು ಮಾಡಿದ. "ಲೋ, ಈ ಸಲನಾದ್ರೂ ಬಾರೋ."

"ಬರ್ತೀನಿ ಅಂದ್ರೆ ಬರ್ತೀನಿ ಕಣೋ. ಹಿಂದಿನ ದಿನವೇ ಬರ್ತೀನಿ."

"ನಮ್ಮ ಕಡೆಯಿಂದ ಒಂದು ಬಸ್ಸು ಹೊರಡುತ್ತೆ. ಆಟದ ಮೈದಾನದ ಹತ್ರ, ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ. ಅದರಲ್ಲೇ ಬಂದುಬಿಡಿ. ಅತ್ತಿಗೆಗೆ ಹೇಳು, ನಿನಗೆ ಹೇಳಿ ಪ್ರಯೋಜನ ಇಲ್ಲ."

ಮದುವೆ ದೂರದ ಒಂದು ಪೇಟೆಯಲ್ಲಿ, ಹುಡುಗಿಯ ಅಜ್ಜಿ ಇರುವ ಊರಿನಲ್ಲಿ. ಆದರೆ ಗಂಡು ಹೆಣ್ಣು ಎರಡೂ ಕಡೆಯವರ ವಾಸ ಒಂದೇ ನಗರದಲ್ಲಿ. ಹಾಗಾಗಿ ಆ ಮೈದಾನದಿಂದ ಆ ದಿನ ಎರಡು ಬಸ್ಸು ಹೊರಡುವುದಿತ್ತು: ಒಂದು ಗಂಡಿನ ಕಡೆಯದು, ಒಂದು ಹೆಣ್ಣಿನ ಕಡೆಯದು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಎಲ್ಲರಿಗೂ ಅಂದರೆ ರೇಡಿಯೋ ಒಬ್ಬನನ್ನು ಬಿಟ್ಟು.

ಆ ಬೆಳಿಗ್ಗೆ ಅವನು ಬೇಗನೇ ಎದ್ದ. ಹೆಂಡತಿ ಇನ್ನೂ ಬೇಗ ಎದ್ದು ಎಲ್ಲ ಕಟ್ಟಿಟ್ಟಿದ್ದಳು. ಬಟ್ಟೆಯ ಚೀಲ, ತಿಂಡಿಯ ಚೀಲ, ಮಗಳ ಚೀಲ, ಆ ಮೂರರಲ್ಲಿ ಹಿಡಿಯದೆ ಉಳಿದದ್ದರ ಚೀಲ. ಮಗಳಿಗೆ ಆಗ ಎರಡು ವರ್ಷ. ತನ್ನ ಪ್ಲಾಸ್ಟಿಕ್ ಬಕೆಟ್ಟು ಬಾರದೆ ತಾನೂ ಬರುವುದಿಲ್ಲ ಎಂದು ನೆಲಕ್ಕೆ ಅಂಟಿಕೊಂಡಳು. ಬಕೆಟ್ಟು ಮಹಡಿ ಮೇಲೆ ಪಕ್ಕದ ಮನೆಯವರ ಒಗೆದ ಬಟ್ಟೆಯ ಕೆಳಗೆ ಸಿಕ್ಕಿತು. ಅದನ್ನು ಎತ್ತುವಾಗ ಅವರ ಸೀರೆ ಕೆಳಗೆ ಬಿತ್ತು. ಸೀರೆ ಎತ್ತಿ ಒಣಹಾಕಿ, ಪಕ್ಕದ ಮನೆಯಾಕೆಗೆ ಅದೆಲ್ಲ ಹೇಗಾಯಿತೆಂದು ಸವಿಸ್ತಾರವಾಗಿ ಹೇಳಿ ರೇಡಿಯೋ ಇಳಿಯುವ ಹೊತ್ತಿಗೆ ಎಂಟು ಹೊಡೆದಿತ್ತು.

ಮೈದಾನಕ್ಕೆ ಬಂದಾಗ ಗಂಡಿನ ಕಡೆಯ ಬಸ್ಸು ಹೋಗಿಯಾಗಿತ್ತು. ಆದರೆ ಅಲ್ಲಿ ಹೂವಿನ ಹಾರ ಹಾಕಿಕೊಂಡ ಇನ್ನೊಂದು ಬಸ್ಸು ನಿಂತಿತ್ತು. ಯಾರೋ ಅಜ್ಜಿಯ ಹಲ್ಲಿನ ಸೆಟ್ಟು ಮನೆಯಲ್ಲಿ ಉಳಿದು, ಅದು ಬರಲೆಂದು ಕಾಯುತ್ತಿತ್ತು. ಮುಂದಿನ ಗಾಜಿಗೆ "ಹೆಣ್ಣಿನ ಕಡೆ" ಎಂಬ ಕಾಗದ ಅಂಟಿಸಿದ್ದರು. ಗಾಳಿಗೆ ಹರಿದು ಅದರಲ್ಲಿ "ನ ಕಡೆ" ಅಷ್ಟೇ ಉಳಿದಿತ್ತು.

ಬಾಗಿಲಲ್ಲಿ ದಪ್ಪ ಮೀಸೆಯ ಹಿರಿಯರೊಬ್ಬರು ನಿಂತಿದ್ದರು. ರೇಡಿಯೋ ಏದುಸಿರು ಬಿಡುತ್ತಾ, "ನಾವು ಹುಡುಗನ ಸ್ನೇಹಿತರು ಸಾರ್. ಲೇಟಾಯ್ತು" ಎಂದ.

"ಓಹೋ, ಹುಡುಗನ ಸ್ನೇಹಿತರಾ? ಹತ್ತಿ ಹತ್ತಿ. ಜಾಗ ಬೇಕಾದಷ್ಟಿದೆ" ಎಂದರು ಅವರು.

"ಹುಡುಗನ ತಾಯಿ ಕಾಣ್ತಿಲ್ಲ?"

"ಅವರು ಮೊದಲೇ ಹೊರಟ ಬಸ್ಸಲ್ಲಿ ಹೋದ್ರು."

ಅಲ್ಲಿಗೆ ರೇಡಿಯೋ ಲೆಕ್ಕ ಹಾಕಿಬಿಟ್ಟ. ಗುಮ್ಮನ ಕಡೆಯವರೇ ಎರಡು ಬಸ್ಸು ತುಂಬುವಷ್ಟಿದ್ದಾರೆ! ಇಷ್ಟು ದೊಡ್ಡ ಬಳಗ ಇಟ್ಟುಕೊಂಡು ಈ ಕಳ್ಳ ಒಂದು ದಿನವಾದರೂ ಬಾಯಿ ಬಿಟ್ಟಿದ್ದನೇ?

ಹೆಂಡತಿ ಮಗಳನ್ನು ಎತ್ತಿಕೊಂಡು ಹಿಂದೆ ಹೆಂಗಸರ ಜೊತೆ ಕೂತಳು. ರೇಡಿಯೋಗೆ ಮುಂದೆ ಮೀಸೆಯವರ ಪಕ್ಕದಲ್ಲೇ ಜಾಗ ಸಿಕ್ಕಿತು. ಅವರು ಹುಡುಗಿಯ ಸೋದರಮಾವ, ನಿವೃತ್ತ ಇನ್ಸ್‌ಪೆಕ್ಟರು. ಮನೆಯವರೆಲ್ಲ ಅವರನ್ನು ಇನ್ಸ್‌ಪೆಕ್ಟರ್ ಮಾವ ಎಂದೇ ಕರೆಯುತ್ತಿದ್ದರು. ಅವರ ಹಿಂದಿನ ಸೀಟಿನಲ್ಲಿ ಹುಡುಗಿಯ ದೊಡ್ಡಮ್ಮ. ಕಿವಿ ಬಹಳ ಚುರುಕು. ಇವರೆಲ್ಲ ಗುಮ್ಮನನ್ನು ನೋಡಿದ್ದು ಒಂದೆರಡು ಸಲ, ಆ ಒಂದೆರಡು ಸಲವೂ ಅವನು ಬಾಯಿ ಬಿಟ್ಟದ್ದು ಕಾಫಿ ಕುಡಿಯಲು ಮಾತ್ರ. ಹುಡುಗ ಎಂಥವನೋ ಏನೋ ಎಂಬ ಸಣ್ಣ ಹುಳ ಬಸ್ಸಿನಲ್ಲಿದ್ದ ಎಲ್ಲರ ತಲೆಯಲ್ಲೂ ಇತ್ತು.

"ಹುಡುಗನ ಪರಿಚಯ ಎಷ್ಟು ದಿನದ್ದು?" ಇನ್ಸ್‌ಪೆಕ್ಟರ್ ಮಾವ ಶುರು ಮಾಡಿದರು.

"ಪರಿಚಯಾನಾ ಸಾರ್? ಒಂದೇ ಕೋಣೆ, ಒಂದೇ ಸೋಪು. ನಿಮಗೆ ಗೊತ್ತಿಲ್ಲದ್ದು ನನಗೆ ಗೊತ್ತು."

"ಹಾಗಾದ್ರೆ ಹೇಳಿ, ಕೇಳೋಣ."

ಬಸ್ಸು ಹೊರಟಿತು. ರೇಡಿಯೋನೂ ಹೊರಟ.

ತಾನು ಕೂತಿರುವುದು ಗಂಡಿನ ಕಡೆಯವರ ನಡುವೆ, ತಮ್ಮ ಮನೆಯ ಹುಡುಗನ ತುಂಟತನವನ್ನು ಕೇಳಿ ಅವರು ಸಂತೋಷಪಡುತ್ತಾರೆ ಎಂಬುದು ಅವನ ನಂಬಿಕೆ. ಮೊದಲು ಗುಮ್ಮನ ನಿದ್ದೆಯ ಕಥೆ ತೆಗೆದ. ಒಂದು ಭಾನುವಾರ ಎಷ್ಟು ಅಲುಗಿಸಿದರೂ ಗುಮ್ಮ ಏಳಲಿಲ್ಲ, ಗಾಬರಿಯಾಗಿ ಬೀದಿಯ ಡಾಕ್ಟರನ್ನು ಕರೆತಂದರೆ, ಅವರು ಎದೆಗೆ ಕೊಳವೆ ಇಟ್ಟ ತಕ್ಷಣ "ಯಾರ್ರೀ ಅದು?" ಎಂದು ಎದ್ದು ಕೂತ. ದೊಡ್ಡಮ್ಮ ನಕ್ಕರು. ನಕ್ಕು, ಹಿಂದಿನ ಸೀಟಿನವರಿಗೆ ಹೇಳಿದರು. ಅವರು ಅವರ ಹಿಂದಿನವರಿಗೆ ಹೇಳಿದರು. ಮಾತಿಗೆ ಸೀಟಿನಿಂದ ಸೀಟಿಗೆ ಉಪ್ಪು ಖಾರ ಸೇರುತ್ತಾ ಹೋಗಿ, ಬಸ್ಸಿನ ಕೊನೆಯ ಸಾಲು ತಲುಪುವಾಗ ಹುಡುಗ ಒಮ್ಮೆ ಸತ್ತು ಬದುಕಿದವನು ಎಂದಾಗಿತ್ತು.

ಆಮೇಲೆ ಕಾಲಿನ ಕಥೆ. ಗುಮ್ಮನ ಎಡಪಾದ ಬಲಪಾದಕ್ಕಿಂತ ಒಂದು ಚೂರು ಚಿಕ್ಕದು. "ಶೂ ಅಂಗಡಿಯವನಿಗೆ ಇಂಥದ್ದೆಲ್ಲ ಮುಚ್ಚಿಡೋಕಾಗುತ್ತಾ ಸಾರ್?" ಎಂದ ರೇಡಿಯೋ ಹೆಮ್ಮೆಯಿಂದ. ಕೊನೆಯ ಸಾಲಿನ ಹೊತ್ತಿಗೆ ಹುಡುಗನಿಗೆ ಒಂದು ಕಾಲು ಗಿಡ್ಡ.

"ಹುಡುಗಿ ಕಡೆಯವರ ಬಗ್ಗೆ ಏನಂತಾನೆ ಹುಡುಗ?" ಮಾವ ಮೀಸೆ ನೀವಿಕೊಂಡರು.

ರೇಡಿಯೋ ದನಿ ತಗ್ಗಿಸಿದ. ಅವನ ತಗ್ಗಿದ ದನಿ ಬೇರೆಯವರ ಕೂಗಿಗೆ ಸಮ. "ಹುಡುಗಿ ಬಂಗಾರ ಅಂತೆ ಸಾರ್. ಬಳಗ ಮಾತ್ರ ಸ್ವಲ್ಪ ಜೋರು. ಅದರಲ್ಲೂ ಯಾರೋ ಒಬ್ಬ ಸೋದರಮಾವ ಇದಾನಂತೆ, ರಿಟೈರ್ಡ್ ಪೊಲೀಸು. ಹೆಣ್ಣು ನೋಡೋಕೆ ಹೋದಾಗ ಇವನನ್ನ ಗೋಡೆಗೆ ನಿಲ್ಲಿಸಿ ಎತ್ತರ ಅಳೀತಾನೇನೋ ಅನ್ನೋ ಹಾಗೆ ನೋಡ್ತಿದ್ನಂತೆ!"

ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದರು. ಮಾವ ಕೈಯೆತ್ತಿ ತಡೆದರು. ಸಾಕ್ಷಿ ತಾನಾಗಿ ಬಾಯಿ ಬಿಡುತ್ತಿರುವಾಗ ಅಡ್ಡ ಮಾತಾಡಬಾರದು ಎಂಬುದು ಅವರು ಇಲಾಖೆಯಲ್ಲಿ ಕಲಿತ ಮೊದಲ ಪಾಠ.

"ಭಾರಿ ತಮಾಷೆಯಾಗಿದೆ. ಮುಂದುವರಿಸಿ" ಎಂದರು.

ಹಿಂದೆ ಕೂತಿದ್ದ ಹೆಂಡತಿಗೆ ಅಷ್ಟರಲ್ಲಿ ವಿಷಯ ತಿಳಿದುಹೋಗಿತ್ತು. ಪಕ್ಕದವಳು ಹುಡುಗಿಯ ಬಾಲ್ಯದ ಫೋಟೋ ತೋರಿಸಿ, "ನಮ್ಮ ಮನೆ ಮುದ್ದು ಇದು, ನಾಳೆ ಇಷ್ಟೊತ್ತಿಗೆ ಅವರ ಮನೆಯವಳು" ಎಂದು ಕಣ್ಣೊರೆಸಿಕೊಂಡಿದ್ದಳು. ಹೆಂಡತಿಯ ತೊಡೆಯ ಮೇಲೆ ಮಗು ನಿದ್ದೆ ಹೋಗಿದೆ, ಎದ್ದು ಹೋಗುವಂತಿಲ್ಲ. ಮುಂದಿನ ಸೀಟಿನವಳ ಭುಜ ತಟ್ಟಿ, "ಸ್ವಲ್ಪ ನಮ್ಮನೆಯವರಿಗೆ ಹೇಳಿಬಿಡ್ತೀರಾ? ಮಾತು ನಿಲ್ಲಿಸಬೇಕಂತೆ, ಹಿಂದೆ ಎಲ್ಲ ಕೇಳಿಸ್ತಿದೆ" ಎಂದಳು. ಹಿಂದಕ್ಕೆ ಬಂದ ಮಾತು ಬೆಳೆದ ಹಾಗೆ ಮುಂದಕ್ಕೆ ಹೋದ ಮಾತೂ ದಾರಿಯಲ್ಲಿ ಬಟ್ಟೆ ಬದಲಾಯಿಸಿತು. ದೊಡ್ಡಮ್ಮ ಬಗ್ಗಿ ರೇಡಿಯೋ ಕಿವಿಯಲ್ಲಿ, "ನಿಮ್ಮ ಮನೆಯವರು ಹೇಳಿ ಕಳಿಸಿದಾರೆ. ಮಾತು ನಿಲ್ಲಿಸಬೇಡಿ, ಹಿಂದೆ ಸರಿಯಾಗಿ ಕೇಳಿಸ್ತಿಲ್ಲವಂತೆ" ಎಂದರು.

ಮದುವೆಯಾದಂದಿನಿಂದ ಹೆಂಡತಿ ಅವನ ಮಾತಿಗೆ ಹೀಗೆ ಪ್ರೋತ್ಸಾಹ ಕೊಟ್ಟದ್ದೇ ಇಲ್ಲ. ರೇಡಿಯೋಗೆ ಕಣ್ತುಂಬಿ ಬಂತು. ಎದ್ದು ನಿಂತು, ಮೇಲಿನ ಸರಳು ಹಿಡಿದುಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಮುಂದುವರಿಸಿದ. ಹಿಂದಿನಿಂದ ಹೆಂಡತಿ ಎರಡೂ ಕೈಯೆತ್ತಿ ಬೀಸಿದಳು. ಅವನೂ ಬೀಸಿದ.

ಆದರೆ ಕಥೆಗೂ ಒಂದು ಕೊನೆಯಿದೆ. ಮಧ್ಯಾಹ್ನದ ಬಿಸಿಲೇರಿ ಕೆಲವರು ತೂಕಡಿಸತೊಡಗಿದರು. ನಗು ತೆಳುವಾಯಿತು. ಮಾವ ಕಿಟಕಿಯ ಕಡೆ ತಿರುಗಿದರು. ರೇಡಿಯೋಗೆ ಆ ಹಳೆಯ ಭಯ ಹಿಡಿಯಿತು: ಗಿರಾಕಿ ಏಳುತ್ತಿದ್ದಾನೆ. ಅಂಥ ಹೊತ್ತಿನಲ್ಲಿ ಅಂಗಡಿಯಲ್ಲಾದರೆ ಮೇಲಿನ ಅರೆಯಿಂದ, ಯಾರಿಗೂ ತೋರಿಸದ ಡಬ್ಬಿ ಇಳಿಸುತ್ತಾರೆ. ಅವನೂ ಇಳಿಸಿದ.

"ಇದೆಲ್ಲ ಏನೂ ಅಲ್ಲ, ಕೇಳಿ. ಇಷ್ಟು ದೊಡ್ಡ ಗಂಡಸು, ಕತ್ತಲೆ ಅಂದ್ರೆ ಹೆದರಿಕೆ! ದೀಪ ಆರಿಸೋ ಹಾಗಿಲ್ಲ. ನನ್ನ ಹಾಸಿಗೆ ಪಕ್ಕಕ್ಕೆ ಹಾಸಿಗೆ ಎಳ್ಕೊಂಡು, ನನ್ನ ಹೊದಿಕೆ ಅಂಚನ್ನ ಮುಷ್ಟಿಯಲ್ಲಿ ಹಿಡ್ಕೊಂಡು ಮಲಗ್ತಿದ್ದ. ನಾನು ಮಗ್ಗುಲಾದ್ರೆ ಅವನೂ ಉರುಳಿಕೊಂಡು ಬರೋನು!"

ಬಸ್ಸು ಬಿದ್ದು ಬಿದ್ದು ನಕ್ಕಿತು. ತೂಕಡಿಸುತ್ತಿದ್ದವರೂ ಎದ್ದು ನಕ್ಕರು. ಹಲ್ಲಿನ ಸೆಟ್ಟಿನ ಅಜ್ಜಿ ಸೆಟ್ಟು ಬಿಚ್ಚಿಟ್ಟು ನಕ್ಕರು.

ಅದು ನಿಜ. ಆದರೆ ಅದು ಗುಮ್ಮನ ತಂದೆ ತೀರಿಕೊಂಡ ಹೊಸತು. ಮಣ್ಣು ಮಾಡಿ ಕೋಣೆಗೆ ಮರಳಿದ ಮೇಲೆ ಕೆಲವು ವಾರ ಅವನು ಹಾಗೆ ಮಲಗಿದ್ದ. ಹಗಲಲ್ಲಿ ಒಂದು ಹನಿ ಕಣ್ಣೀರು ಹಾಕದವನು. ಆಗ ರೇಡಿಯೋ, ಅವನ ಜನ್ಮದಲ್ಲಿ ಅದೊಂದು ಸಲ, ಏನೂ ಮಾತಾಡದೆ ಹೊದಿಕೆಯನ್ನು ಅವನತ್ತ ಇನ್ನಷ್ಟು ಸರಿಸಿದ್ದ. ಯಾರಿಗೂ ಹೇಳಬೇಡ ಎಂದು ಗುಮ್ಮ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಬೇಕಾದೀತು ಎಂದು ಅವನಿಗೆ ಅನಿಸಿರಲಿಲ್ಲ. ತಂದೆಯ ವಿಷಯ ಹೇಳಿದರೆ ನಗು ಕೆಡುತ್ತದೆಂದು ರೇಡಿಯೋ ಅಷ್ಟು ಭಾಗವನ್ನು ಕತ್ತರಿಸಿ ಹಾಕಿದ್ದ.

ಮದುವೆಯ ಊರು ಮುಟ್ಟಿ ಬಸ್ಸು ನಿಂತಾಗ ಅವನು ಮಾವನ ಕೈಕುಲುಕಿದ. "ಪ್ರಯಾಣ ಹೋದದ್ದೇ ಗೊತ್ತಾಗಲಿಲ್ಲ ಅಲ್ವಾ ಸಾರ್? ಅಂದಹಾಗೆ, ನೀವು ಹುಡುಗನಿಗೆ ಏನಾಗಬೇಕು?"

"ನಾನು ಹುಡುಗಿಯ ಸೋದರಮಾವ. ರಿಟೈರ್ಡ್ ಪೊಲೀಸು" ಎಂದು ಅವರು ಇಳಿದುಹೋದರು.

ಹೆಂಡತಿ ಮಗುವನ್ನೂ ಬಕೆಟ್ಟನ್ನೂ ಹೊತ್ತುಕೊಂಡು ಹತ್ತಿರ ಬಂದಾಗ ರೇಡಿಯೋ ಸರಳು ಹಿಡಿದು ಹಾಗೇ ನಿಂತಿದ್ದ.

"ನಿಲ್ಲಿಸಿ ಅಂತ ಹೇಳಿ ಕಳಿಸಿದ್ನಲ್ರೀ!"

"ನಿಲ್ಲಿಸಬೇಡಿ ಅಂತ ಅಲ್ವಾ?" ಎಂದ ರೇಡಿಯೋ. ಅವನ ದನಿ ಅಷ್ಟು ಸಣ್ಣದಾಗಿ ಹೆಂಡತಿ ಎಂದೂ ಕೇಳಿರಲಿಲ್ಲ.

ಹಾಲ್‌ನ ಹಿಂದೆ ಊಟದ ಮೇಜುಗಳನ್ನಿಟ್ಟಿದ್ದ ಕೋಣೆಯಲ್ಲಿ ಅರ್ಧ ಗಂಟೆಯೊಳಗೆ ವಿಚಾರಣೆ ಶುರುವಾಯಿತು. ಒಂದು ಕಡೆ ಇನ್ಸ್‌ಪೆಕ್ಟರ್ ಮಾವ, ದೊಡ್ಡಮ್ಮ, ಜೋರು ಮಾತು ಕೇಳಿದರೆ ಎದೆ ಹಿಡಿದುಕೊಳ್ಳುವ ಹುಡುಗಿಯ ಅಪ್ಪ. ಇನ್ನೊಂದು ಕಡೆ ಗುಮ್ಮ, ಅವನ ತಾಯಿ, ಏನಾಗುತ್ತಿದೆಯೆಂದು ತಿಳಿಯದ ಗಂಡಿನ ಕಡೆಯವರು. ಬಾಗಿಲಿನ ಪಕ್ಕ ರೇಡಿಯೋ. ಸಾಕ್ಷಿ ಎಲ್ಲಿಗೂ ಹೋಗಕೂಡದು ಎಂದು ಮಾವ ಆಜ್ಞೆ ಮಾಡಿದ್ದರು. ಗುಮ್ಮ ಅವನನ್ನು ನೋಡಿದ ತಕ್ಷಣ ಮುಖ ಅರಳಿಸಿ, "ಅಂತೂ ಬಂದ್ಯಲ್ಲೋ!" ಎಂದ. ರೇಡಿಯೋಗೆ ಆ ಮಾತು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಸ್ವಲ್ಪ ನಡೆದು ತೋರಿಸಿ" ಎಂದರು ಮಾವ.

ಗುಮ್ಮ ಗೋಡೆಯಿಂದ ಗೋಡೆಗೆ ನಡೆದ.

"ಸರಿಯಾಗೇ ನಡೀತಾನಲ್ಲ" ಎಂದರು ಹುಡುಗಿಯ ಅಪ್ಪ.

"ನಿಧಾನವಾಗಿ ನಡೆದರೆ ಯಾರಿಗೂ ಗೊತ್ತಾಗಲ್ಲ. ಬೇಗ ನಡೀಲಿ" ಎಂದರು ದೊಡ್ಡಮ್ಮ.

ಬೇಗ ನಡೆದದ್ದೂ ಆಯಿತು. ಆದರೂ ಅನುಮಾನ ತೀರದೆ, ಹೂವಿನ ಅಲಂಕಾರ ಮಾಡುತ್ತಿದ್ದವನ ಅಳತೆ ಟೇಪು ತರಿಸಿ ಎರಡೂ ಕಾಲು ಅಳೆದರು. ಸಮ ಬಂತು. ಆಮೇಲೆ ಹುಡುಗ ಸತ್ತು ಬದುಕಿದ ವಿಷಯ. ಬಳಗದಲ್ಲಿದ್ದ ಒಬ್ಬನೇ ಡಾಕ್ಟರು ಹಲ್ಲಿನ ಡಾಕ್ಟರು; ಅವನನ್ನೇ ಕರೆಸಿದರು. ಅವನು ಗುಮ್ಮನ ಕೈ ಹಿಡಿದು, ಬಾಯಿ ತೆರೆಸಿ, "ನಾಡಿ ಇದೆ. ಹಲ್ಲು ಇನ್ನೂ ಚೆನ್ನಾಗಿದೆ" ಎಂದು ವರದಿ ಕೊಟ್ಟ.

ರೇಡಿಯೋಗೆ ತಡೆಯಲಾಗಲಿಲ್ಲ. ಮುಂದೆ ನುಗ್ಗಿ ಕೈಮುಗಿದ. "ಎಲ್ಲ ಸುಳ್ಳು ಸಾರ್! ನಾನು ಹೇಳಿದ್ದೆಲ್ಲ ಸುಳ್ಳು. ನಾನು ದೊಡ್ಡ ಸುಳ್ಳುಗಾರ."

"ಇಂಥ ದೊಡ್ಡ ಸುಳ್ಳುಗಾರ ಹುಡುಗನ ಪ್ರಾಣಸ್ನೇಹಿತ" ಎಂದು ದೊಡ್ಡಮ್ಮ ಅದನ್ನೂ ಹುಡುಗನ ತಲೆಗೇ ಕಟ್ಟಿದರು.

"ಅಲ್ಲ ತಾಯಿ, ಪೂರ್ತಿ ಸುಳ್ಳಲ್ಲ..."

"ಹಾಗಾದ್ರೆ ಯಾವುದು ಸುಳ್ಳು, ಯಾವುದು ನಿಜ?" ಮಾವ ಎದ್ದು ನಿಂತರು. ಗುಮ್ಮನ ಕಡೆ ತಿರುಗಿದರು. "ನೀವೇ ಹೇಳಿ. ಕತ್ತಲೆಗೆ ಹೆದರಿ, ದೀಪ ಹಾಕ್ಕೊಂಡು, ಇವರ ಹೊದಿಕೆ ಅಂಚು ಹಿಡ್ಕೊಂಡು ಮಲಗ್ತಿದ್ರಂತೆ. ಇದು ನಿಜಾನಾ?"

ಕೋಣೆಯಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಗುಮ್ಮ ಮಾವನನ್ನು ನೋಡಲಿಲ್ಲ. ತಲೆಯೆತ್ತಿ ರೇಡಿಯೋನನ್ನು ನೋಡಿದ. ಕೋಪದಿಂದ ನೋಡಿದ್ದರೆ ರೇಡಿಯೋ ಬದುಕಿಕೊಳ್ಳುತ್ತಿದ್ದ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ನಿಂತು ಯೋಚಿಸುವವನ ಹಾಗೆ ನೋಡಿದ.

"ಹೌದು" ಎಂದ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ರೇಡಿಯೋ ಗೆಳೆಯನನ್ನು ಉಳಿಸಲು ಹೊರಟ. "ಅದು ಹಾಗಲ್ಲ ಸಾರ್! ಆಗ ಅವನ ಅಪ್ಪ ತೀರಿಕೊಂಡಿದ್ರು! ಅದಕ್ಕೇ ನಿದ್ದೆ ಬರ್ತಿರಲಿಲ್ಲ ಪಾಪ. ರಾತ್ರಿಯೆಲ್ಲ ಅಳೋನು. ಅಪ್ಪಾ ಅಪ್ಪಾ ಅಂತ..."

ನಗುತ್ತಿದ್ದವರು ನಿಲ್ಲಿಸಿದರು. ಗುಮ್ಮನ ತಾಯಿ ಕೂತಲ್ಲಿಂದ ಎದ್ದರು. ಗಂಡ ಸತ್ತಾಗ, ಒಂದು ಹನಿ ಕಣ್ಣೀರು ಹಾಕದೆ ಎಲ್ಲ ನಿಭಾಯಿಸಿ, "ಅಮ್ಮ, ನಾನು ಗಟ್ಟಿಯಾಗಿದೀನಿ, ನೀನು ಧೈರ್ಯವಾಗಿರು" ಎಂದು ಹೇಳಿ ಹೋಗಿದ್ದ ಮಗ. ಆ ಧೈರ್ಯದ ಮೇಲೆಯೇ ಅವರು ಇಷ್ಟು ವರ್ಷ ನಡೆದುಬಂದಿದ್ದರು.

"ನನಗೆ ಹೇಳಲೇ ಇಲ್ಲವಲ್ಲೋ" ಎಂದರು. ಅಷ್ಟೇ ಹೇಳಿದ್ದು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗುಮ್ಮ ಅವರ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ದೊಡ್ಡಮ್ಮ ಕೂಡ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

ಆಗ ಬಾಗಿಲಿನಿಂದ ಒಂದು ದನಿ ಬಂತು. ಹುಡುಗಿ. ಕೈಗೆ ಹಚ್ಚಿಕೊಂಡ ಮದರಂಗಿ ಇನ್ನೂ ಒಣಗಿರಲಿಲ್ಲ; ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡೇ ಬಂದಿದ್ದಳು.

"ಮಾವ, ನೀವು ರಿಟೈರ್ ಆದಾಗಿಂದ ದಿಂಬಿನ ಕೆಳಗೆ ಲಾಠಿ ಇಟ್ಕೊಂಡು ಮಲಗ್ತೀರಿ. ಅತ್ತೆ ಯಾವತ್ತಾದ್ರೂ ಎಲ್ಲರನ್ನೂ ಸೇರಿಸಿ ವಿಚಾರಣೆ ಮಾಡಿದ್ರಾ?"

ಮಾವನ ಮೀಸೆ ಇಳಿಯಿತು.

"ದೀಪ ಹಾಕ್ಕೊಂಡು ಮಲಗಿದ್ರೆ ನನಗೇನೂ ತೊಂದರೆ ಇಲ್ಲ" ಎಂದಳು ಹುಡುಗಿ. "ಈಗ ಕಾಫಿ ಕುಡೀರಿ ಎಲ್ಲರೂ. ನನ್ನ ಅತ್ತೆಮ್ಮನಿಗೆ ಮೊದಲು ಕೊಡಿ."

ಮದುವೆ ಮರುದಿನ ಚೆನ್ನಾಗಿಯೇ ನಡೆಯಿತು. ರೇಡಿಯೋ ಮೊಟ್ಟಮೊದಲ ಬಾರಿಗೆ ಗೆಳೆಯನ ಮದುವೆಯನ್ನು ಮೊದಲಿನಿಂದ ಕೊನೆಯ ತನಕ, ಸರಿಯಾದ ತಿಂಗಳಲ್ಲಿ, ಸರಿಯಾದ ಮದುಮಗನ ಎದುರು ಕೂತು ನೋಡಿದ. ಕುರ್ಚಿ ಹಾಕಿದ, ನೀರು ಕೊಟ್ಟ, ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಬಂದವರಲ್ಲಿ ಕೆಲವರು ಹತ್ತಿರ ಬಂದು, "ಇನ್ನೊಂದು ಕಥೆ ಹೇಳಿ ಸ್ವಾಮಿ" ಎಂದರು. ಅವನು ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದ. ಗುಮ್ಮನನ್ನು ಒಂಟಿಯಾಗಿ ಹಿಡಿದು ತಪ್ಪಾಯಿತು ಎನ್ನಬೇಕೆಂದು ಬೆಳಗಿನಿಂದ ಹೊಂಚು ಹಾಕಿದ. ಮದುವೆಯ ದಿನ ಮದುಮಗ ಒಂಟಿಯಾಗಿ ಸಿಗುವುದುಂಟೇ?

ಮದುಮಕ್ಕಳು ಊಟದ ಸಾಲಿಗೆ ಬಂದರು. ಗುಮ್ಮ ರೇಡಿಯೋ ಮಗಳನ್ನು ಎತ್ತಿಕೊಂಡು, ಅವಳ ಬಕೆಟ್ಟಿನೊಳಗೆ ಇಣುಕಿ ನೋಡಿ, ಅದರಲ್ಲಿ ಒಂದು ಸಿಹಿ ಹಾಕಿದ. ಆಮೇಲೆ ತಿರುಗಿ, "ಸಂಕೋಚ ಮಾಡ್ಕೋಬೇಡಿ, ನಿಧಾನವಾಗಿ ಊಟ ಮಾಡಿ. ಕತ್ತಲಾಗೋದ್ರೊಳಗೆ ಹೊರಟುಬಿಡಿ, ಮಗು ಇದೆ" ಎಂದು ನಗುತ್ತಾ ಮುಂದಿನ ಸಾಲಿಗೆ ಹೋದ.

ರೇಡಿಯೋ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು.

ವಾಪಸು ಬರುವಾಗ ಗಂಡಿನ ಕಡೆಯ ಬಸ್ಸು. ಮಗಳು ತೊಡೆಯ ಮೇಲೆ ಮಲಗಿದ್ದಳು. ಬಹಳ ದೂರ ಬಂದ ಮೇಲೆ ಅವನು ಹೆಂಡತಿಯನ್ನು ಕೇಳಿದ:

"ಊಟ ಮಾಡಿ ಅಂದನಲ್ಲ ಅವನು?"

"ಅಂದ್ರು. ಅದಕ್ಕೇನೀಗ?"

"ಅದು ನಮ್ಮಿಬ್ಬರಿಗೂ ಸೇರಿಸಿ ಹೇಳಿದ್ದಲ್ವಾ? ನಿನ್ನನ್ನ ಅವನು ಮೊದಲಿಂದಲೂ ಬನ್ನಿ ಹೋಗಿ ಅಂತಾನೇ ಅನ್ನೋದು. ಇಬ್ಬರು ಕೂತಿದ್ದಾಗ ಹಾಗೇ ತಾನೇ ಹೇಳಬೇಕು?"

ಹೆಂಡತಿ ಅವನ ಮುಖವನ್ನು ನೋಡಿದಳು. ದಾರಿಯಲ್ಲಿ ಹೇಳಬೇಕೆಂದು ಅವಳು ಬಹಳ ಮಾತು ಕಟ್ಟಿಟ್ಟುಕೊಂಡಿದ್ದಳು. ಒಂದನ್ನೂ ಹೇಳಲಿಲ್ಲ. "ಇರಬಹುದು" ಎಂದು ಮಗುವಿಗೆ ಸೆರಗು ಹೊದಿಸಿದಳು.

ಇಬ್ಬರಿಗೂ ಸೇರಿಸಿಯೇ ಹೇಳಿದ್ದು ಎಂದು ರೇಡಿಯೋ ತೀರ್ಮಾನಿಸಿದ. ವ್ಯಾಕರಣವೂ ಅವನ ಪರವಾಗಿತ್ತು. ಆದರೂ ಅಂಗಡಿಯಲ್ಲಿ ಅವನು ಮಂಕಾದ. ಗಿರಾಕಿಗಳು ಒಂದು ಕಾಲಿನ ಶೂ ಬಿಚ್ಚಿಟ್ಟು ಎದ್ದು ಹೋಗತೊಡಗಿದರು. ಮಾಲೀಕ ಕರೆದು, "ಏನಪ್ಪಾ, ಬ್ಯಾಟರಿ ಮುಗೀತಾ?" ಎಂದು ಕೇಳಿದ. ಗುಮ್ಮನಿಗೆ ಫೋನು ಮಾಡೋಣವೆಂದು ರೇಡಿಯೋ ಹಲವು ಸಲ ಕೈಗೆತ್ತಿಕೊಂಡ. ಆ ಕಡೆ ಗುಮ್ಮನ ಪಕ್ಕದಲ್ಲಿ ಹೊಸ ಹೆಂಡತಿ ಇರುತ್ತಾಳೆ, ಅವಳೆದುರು ಮರ್ಯಾದೆಗಾಗಿ ಹೇಗೆ ಮಾತಾಡುತ್ತಾನೋ, ಅದರಿಂದ ಏನೂ ತಿಳಿಯುವುದಿಲ್ಲ ಎಂದು ಕೆಳಗಿಟ್ಟ.

ಕೊನೆಗೆ ಒಂದು ರಜೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಗುಮ್ಮನ ಹೆಂಡತಿ ತವರಿಗೆ ಹೋಗಿದ್ದಾಳೆಂದು ಉಳಿದಿಬ್ಬರು ಗೆಳೆಯರಿಂದ ಮೊದಲೇ ವಿಚಾರಿಸಿಕೊಂಡಿದ್ದ.

"ಏನು, ಒಬ್ಬರೇ ಹೊರಟ್ರಿ? ನಾವೂ ಬರ್ತೀವಿ, ಇರಿ" ಎಂದಳು ಹೆಂಡತಿ.

"ನೀನು ಬರೋದು ಬೇಡ. ನೀನು ಬಂದ್ರೆ ಗೊತ್ತಾಗಲ್ಲ" ಎಂದ ರೇಡಿಯೋ.

ಅವಳಿಗೆ ಅರ್ಥವಾಯಿತು. ಬಾಗಿಲ ತನಕ ಬಂದು ಅವನ ಕಾಲರು ಸರಿ ಮಾಡಿ ಕಳಿಸಿದಳು.

ಗುಮ್ಮನ ಹೊಸ ಮನೆ ಮೂರನೆಯ ಮಹಡಿಯಲ್ಲಿ. ಹತ್ತುತ್ತಾ ಹತ್ತುತ್ತಾ ರೇಡಿಯೋ ಹೇಳಬೇಕಾದ ಮಾತನ್ನು ಕಲಿತುಕೊಂಡ. ಬಹಳ ಚಿಕ್ಕ ಮಾತು. ಅವನ ಬಾಯಿಗೆ ಅಭ್ಯಾಸವಿಲ್ಲದ್ದು. ಕರೆಗಂಟೆ ಒತ್ತಿದ. ಒಳಗೆ ಚಪ್ಪಲಿಯ ಸದ್ದು ಹತ್ತಿರ ಬಂತು. ಗುಮ್ಮ ಬಾಗಿಲು ತೆರೆದ. ಬನಿಯನ್ನು, ಮಾಸಿದ ಪಂಚೆ, ಕಿವಿಯ ಹಿಂದೆ ಪೆನ್ಸಿಲು. ಕೋಣೆಯ ದಿನಗಳಲ್ಲಿ ಇದ್ದ ಹಾಗೇ ಇದ್ದ. ರೇಡಿಯೋನನ್ನು ಕಂಡು ಅವನ ಮುಖದಲ್ಲಿ ನಗು ಬಂತು, ಮದುವೆಯ ದಿನ ಎಲ್ಲ ಅತಿಥಿಗಳಿಗೂ ಹಂಚಿದ್ದ ನಗು.

"ಓ, ನೀವಾ?" ಎಂದ. "ಬನ್ನಿ, ಒಳಗೆ ಬನ್ನಿ."

ಹೆಂಡತಿಯೇನಾದರೂ ಹಿಂದೆಯೇ ಬಂದುಬಿಟ್ಟಳೇ ಎಂದು ರೇಡಿಯೋ ಆಸೆಯಿಂದ ಹಿಂತಿರುಗಿ ನೋಡಿದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.